ರಾತ್ರಿ ಪಾಳಿ: ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ನಿದ್ದೆಗೆ

ರಾತ್ರಿಯನ್ನು ಇಬ್ಭಾಗ ಮಾಡಿ: 9ರಿಂದ 2 ಒಬ್ಬರ ಕಾವಲು, 2ರಿಂದ 7 ಇನ್ನೊಬ್ಬರದು. ಗಂಟೆಗೊಮ್ಮೆ ಬದಲಾದರೆ ಇಬ್ಬರಿಗೂ ಗಾಢ ನಿದ್ದೆ ಹತ್ತುವುದಿಲ್ಲ. ಮಲಗುವ ಸರದಿಯವರು ಬೇರೆ ಕೋಣೆಗೆ ಹೋಗಲೇಬೇಕು. ಪಕ್ಕದಲ್ಲೇ ಚಾಪೆ ಹಾಸಿದರೆ ಪ್ರತಿ ಕೆಮ್ಮಿಗೂ, ಮಂಚದ ಕಿರ್ ಸದ್ದಿಗೂ ಎಚ್ಚರವಾಗುತ್ತದೆ.

ಉಳಿದ ನಿದ್ದೆಗೆ ಹಗಲಲ್ಲಿ ನೆಂಟರನ್ನೋ ಹೋಮ್ ನರ್ಸನ್ನೋ ಕರೆಯಿರಿ. ಮೊದಲ ದಿನ ಜೊತೆಗಿದ್ದು ತೋರಿಸಿ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮಂಡಿಗಳ ನಡುವೆ ದಿಂಬು, ಗಂಜಿ ಕುಡಿಸುವಾಗ ಬೆನ್ನು ನೇರ, ಕುಡಿಸಿದ ಮೇಲೂ ಅರ್ಧ ಗಂಟೆ ಹಾಗೇ ಕೂರಿಸುವುದು. ಮಾತ್ರೆಯ ಹೊತ್ತು ಬರೆದು ಗೋಡೆಗೆ ಅಂಟಿಸಿ, ಇಲ್ಲವಾದರೆ ಕೇಳಲು ನಿಮ್ಮನ್ನೇ ಎಬ್ಬಿಸುತ್ತಾರೆ. ಆ ಬಿಡುವಿನಲ್ಲಿ ದಯವಿಟ್ಟು ಪಾತ್ರೆ ತೊಳೆಯಲು ಕೂರಬೇಡಿ, ಮಲಗಿ. ಮಧ್ಯಾಹ್ನ 3ರೊಳಗೆ ಏಳಿ. ತಡವಾದರೆ ರಾತ್ರಿಯ ನಿದ್ದೆ ಕೆಡುತ್ತದೆ.

ಯಾರೂ ಸಿಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ವಿಚಾರಿಸಿ.