ವಿಮಾನ ಕಲಿಯುವಾಗ ನನ್ನ ಫೋನಿನಲ್ಲಿ ಉಳಿದ ಐದು ಆ್ಯಪ್

ಕಲಬುರಗಿಗೆ ಫ್ಲೈಯಿಂಗ್ ಕಲಿಯಲು ಬಂದ ವಾರ ನನ್ನ ಫೋನಿನಲ್ಲಿ ವಿಮಾನಕ್ಕೆ ಸಂಬಂಧಿಸಿದ 14 ಆ್ಯಪ್ ಇದ್ದವು. ಸೀನಿಯರ್‌ಗಳು ಹೇಳಿದ್ದು, ವಿಡಿಯೋದಲ್ಲಿ ನೋಡಿದ್ದು, ಎಲ್ಲವನ್ನೂ ಹಾಕಿಕೊಂಡಿದ್ದೆ. ಈಗ ಉಳಿದಿರುವುದು 5. ಹೊಸದಾಗಿ ಸೇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ತೆಗೆದಿದ್ದು ಪ್ರಶ್ನೆ ಬ್ಯಾಂಕ್ ಆ್ಯಪ್‌ಗಳನ್ನು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಯಲ್ಲಿ ಪಾಸಾಗಲು 70 ಪರ್ಸೆಂಟ್ ಬೇಕು, ಹಾಗಾಗಿ ಎಲ್ಲರೂ ಇವುಗಳ ಹಿಂದೆ ಬೀಳುತ್ತಾರೆ. ನಾನೂ ಎರಡು ತಿಂಗಳು ಅದನ್ನೇ ತಿಕ್ಕಿದೆ. ಒಂದು ದಿನ ಏರ್ ರೆಗ್ಯುಲೇಷನ್ಸ್, ಅಂದರೆ ವಿಮಾನಯಾನದ ಕಾನೂನಿನ ವಿಷಯ ಓದುವಾಗ ಗಮನಿಸಿದೆ: ಆ್ಯಪ್ ಇನ್ನೂ 1934ರ ಏರ್‌ಕ್ರಾಫ್ಟ್ ಕಾಯ್ದೆಯನ್ನೇ ಜಾರಿಯಲ್ಲಿರುವ ಕಾನೂನು ಅನ್ನುತ್ತಿತ್ತು. ಆದರೆ 2025ರ ಜನವರಿ 1ರಿಂದ ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಇಷ್ಟು ದೊಡ್ಡ ವಿಷಯ ಬದಲಾಯಿಸದವರು ಸಣ್ಣಪುಟ್ಟದ್ದನ್ನು ಸರಿಮಾಡಿರುತ್ತಾರಾ? ಅಂದಿನಿಂದ ಯಾವುದೇ ಓದುವ ಆ್ಯಪ್ ಸಿಕ್ಕರೂ ನಾನು ಮೊದಲು ಹುಡುಕುವುದು ಈ ಒಂದು ಪ್ರಶ್ನೆಯನ್ನೇ.

ಅದರ ಬದಲು ಆಂಕಿ ಅನ್ನುವ, ಪ್ರಶ್ನೆ-ಉತ್ತರದ ಕಾರ್ಡ್ ಮಾಡಿ ನೆನಪಿಡುವ ಆ್ಯಪ್ ಹಾಕಿಕೊಂಡೆ. ಉಳಿದ ಐದರಲ್ಲಿ ಇದು ಮೊದಲನೆಯದು. ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ನಲ್ಲಿ ದುಡ್ಡು ಕೊಡಬೇಕು. ಇನ್ನೊಬ್ಬರು ಮಾಡಿಟ್ಟ ಕಾರ್ಡುಗಳನ್ನು ತರಲಿಲ್ಲ, ಪುಸ್ತಕ ಓದುತ್ತಾ ನಾನೇ ಬರೆದೆ. ಕಂಟ್ರೋಲ್ ಟವರ್‌ನಿಂದ ಬರುವ ದೀಪದ ಸಂಕೇತಗಳು, ನಾವು ಕಲಿಯುವ ಸಣ್ಣ ವಿಮಾನ ಸೆಸ್ನಾ 172ರ ಸ್ಪೀಡ್‌ಗಳು, ಟ್ರಾನ್ಸ್‌ಪಾಂಡರ್‌ನ (ರಾಡಾರ್‌ಗೆ ಉತ್ತರಿಸುವ ಸಾಧನ) ತುರ್ತು ಕೋಡ್‌ಗಳಾದ 7500, 7600, 7700. ಕಾರ್ಡ್ ಬರೆಯುವಾಗಲೇ ಅರ್ಧ ತಲೆಗೆ ಹೋಗುತ್ತದೆ.

ಇನ್ನು ನನಗೆ ಜಾಸ್ತಿ ಪಾಠ ಕಲಿಸಿದ್ದು ತೂಕದ ಲೆಕ್ಕ. ವೇಟ್ ಅಂಡ್ ಬ್ಯಾಲೆನ್ಸ್‌ಗೆ, ಅಂದರೆ ವಿಮಾನದ ತೂಕ ಮತ್ತು ಸಮತೋಲ ಮಿತಿಯೊಳಗೆ ಇದೆಯಾ ಅಂತ ನೋಡಲು, ಒಂದು ಚೆಂದದ ಆ್ಯಪ್ ಇತ್ತು. ಸೆಸ್ನಾ 172 ಅಂತ ಆರಿಸಿ, ಇಬ್ಬರ ತೂಕ ಮತ್ತು ಇಂಧನ ಹಾಕಿದರೆ ಹಸಿರು ಬಣ್ಣದಲ್ಲಿ ಸರಿ ಅಂತ ತೋರಿಸುತ್ತಿತ್ತು. ಒಂದು ಬೆಳಿಗ್ಗೆ ಅದನ್ನು ನೋಡಿಯೇ ಶೀಟ್ ತುಂಬಿ ಇನ್‌ಸ್ಟ್ರಕ್ಟರ್ ಮುಂದೆ ಇಟ್ಟೆ. ಅವರು ಒಂದೇ ಸಾಲು ನೋಡಿ, "ಈ ಎಂಪ್ಟಿ ವೇಟ್ ಯಾವ ವಿಮಾನದ್ದು?" ಅಂದರು. ಎಂಪ್ಟಿ ವೇಟ್ ಅಂದರೆ ಖಾಲಿ ವಿಮಾನದ ತೂಕ. ನನ್ನಲ್ಲಿ ಉತ್ತರ ಇರಲಿಲ್ಲ. ಅದು ಆ್ಯಪ್ ಮಾಡಿದವರು ತುಂಬಿಟ್ಟ ಅಂದಾಜು. ನಾವು ಹಾರಿಸಬೇಕಿದ್ದ ವಿಮಾನದ ತೂಕದ ವರದಿಯಲ್ಲಿ ಅಂಕಿ ಅದಕ್ಕಿಂತ ಹೆಚ್ಚಿತ್ತು. ಅವತ್ತು ನಾವು ಮಿತಿಯ ಒಳಗೇ ಇದ್ದೆವು. ಆದರೂ ಇಡೀ ದಿನ ನನಗೆ ಸಮಾಧಾನ ಇರಲಿಲ್ಲ. ಸೆಸ್ನಾ 172ರ ಎಸ್ ಮಾದರಿಯ ಗರಿಷ್ಠ ಟೇಕಾಫ್ ತೂಕ 2,550 ಪೌಂಡ್. ಇಬ್ಬರು ಕೂತು ಟ್ಯಾಂಕ್ ತುಂಬಿಸಿ, ಹಿಂದೆ ಇನ್ನೊಬ್ಬರನ್ನು ಕೂರಿಸಿದರೆ ಆ ಮಿತಿ ಹತ್ತಿರವೇ ಬಂದುಬಿಡುತ್ತದೆ. ಆ ಆ್ಯಪ್ ತೆಗೆದೆ. ಈಗ ಅದೇ ವಿಮಾನದ ವರದಿ ಮುಂದಿಟ್ಟುಕೊಂಡು ಕಾಗದದ ಮೇಲೆ ಮಾಡುತ್ತೇನೆ. ಆಮೇಲೆ ಒಂದು ಸಾಮಾನ್ಯ ಫ್ಲೈಟ್ ಕ್ಯಾಲ್ಕ್ಯುಲೇಟರ್ ಆ್ಯಪ್‌ನಲ್ಲಿ ತಾಳೆ ನೋಡುತ್ತೇನೆ; ಐದರಲ್ಲಿ ಇದು ಎರಡನೆಯದು. ಮೊದಲು ಕೈ, ಆಮೇಲೆ ಫೋನು. ಈ ಸರತಿ ತಪ್ಪಿಸುವುದಿಲ್ಲ.

ಡೆನ್ಸಿಟಿ ಆಲ್ಟಿಟ್ಯೂಡ್‌ಗೂ, ಅಂದರೆ ಬಿಸಿಗೆ ತೆಳುವಾದ ಗಾಳಿ ಎಷ್ಟು ಎತ್ತರದ ಗಾಳಿಗೆ ಸಮ ಅನ್ನುವ ಲೆಕ್ಕಕ್ಕೂ, ಹೀಗೇ ಮಾಡುತ್ತೇನೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಉಷ್ಣಾಂಶ 12 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಇದ್ದರೆ 28 ಡಿಗ್ರಿ ಜಾಸ್ತಿ ಆಯಿತು. ಡಿಗ್ರಿಗೆ 120 ಅಡಿಯಂತೆ 3,360 ಅಡಿ. ಒಟ್ಟು ಸುಮಾರು 4,900. ಅಂದರೆ ರನ್‌ವೇ ಮೇಲೆ ನಿಂತಾಗಲೇ ವಿಮಾನದ ಪಾಲಿಗೆ ಗಾಳಿ ಅಷ್ಟು ತೆಳು. ಆ್ಯಪ್ ಬರೀ 4,900 ಅಂತ ತೋರಿಸಿದ್ದರೆ ನಾನು ನೋಡಿ ಮುಂದೆ ಹೋಗುತ್ತಿದ್ದೆ. ಕೈಯಲ್ಲಿ ಕೂಡಿಸಿದ ಮೇಲೆ, ಅವತ್ತು ಟೇಕಾಫ್ ರನ್ ಉದ್ದವಾದಾಗ ಏಕೆ ಅಂತ ತಿಳಿದಿತ್ತು.

ಮೂರನೆಯದಾಗಿ, ಹವಾಮಾನಕ್ಕೆ ವಿಂಡಿ ಅನ್ನುವ ಆ್ಯಪ್ ಇಟ್ಟುಕೊಂಡಿದ್ದೇನೆ. ಗಾಳಿ ಎತ್ತರಕ್ಕೆ ತಕ್ಕಂತೆ ಹೇಗೆ ತಿರುಗುತ್ತದೆ ಅನ್ನುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಆದರೆ ಅದರಲ್ಲಿ ಕಾಣುವ ಬಣ್ಣದ ನಕ್ಷೆ ಕಂಪ್ಯೂಟರ್ ಮಾಡೆಲ್‌ನ ಮುನ್ಸೂಚನೆ. ಹಾರುವ ನಿರ್ಧಾರಕ್ಕೆ ಹವಾಮಾನ ಇಲಾಖೆಯ ಮಾಹಿತಿಯೇ ಬೇಕು. ಇದರಲ್ಲಿ ನನಗೆ ಇಷ್ಟವಾದ ಕೆಲಸ ಬೇರೆ. ವಿಮಾನ ನಿಲ್ದಾಣದ ಮೇಲೆ ಒತ್ತಿದರೆ ಮೆಟಾರ್, ಅಂದರೆ ಆ ನಿಲ್ದಾಣದ ಹವಾಮಾನ ವರದಿ ಸಿಗುತ್ತದೆ, ಕೋಡ್ ಆಗಿಯೂ ಬಿಡಿಸಿಯೂ. ಆ್ಯಪ್ ಬಿಡಿಸಿ ತೋರಿಸಿದ್ದನ್ನು ನೋಡದೆ ನಾನು ಬೆಂಗಳೂರು, ಹೈದರಾಬಾದ್, ಮಂಗಳೂರಿನ ಕೋಡ್‌ಗಳನ್ನು ದಿನಾ ಓದಿದೆ. ಸಮಯ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಇರುತ್ತದೆ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಜುಲೈನಲ್ಲಿ ಮಂಗಳೂರಿನ ಮೆಟಾರ್ ಓದಿ ನೋಡಿ, ಮಳೆ, ಮೋಡ, ವಿಸಿಬಿಲಿಟಿ ಎಲ್ಲದರ ಕೋಡ್ ಒಂದೇ ಸಾಲಿನಲ್ಲಿ ಕಲಿಯಬಹುದು.

ಕ್ರಾಸ್‌ವಿಂಡ್, ಅಂದರೆ ರನ್‌ವೇಗೆ ಅಡ್ಡ ಬೀಸುವ ಗಾಳಿಯ ಲೆಕ್ಕಕ್ಕೆ ಆ್ಯಪ್ ಬೇಡವೇ ಬೇಡ. ರನ್‌ವೇ 27 (ಅಂದರೆ 270 ಡಿಗ್ರಿ ದಿಕ್ಕು), ಗಾಳಿ 300 ಡಿಗ್ರಿಯಿಂದ 12 ನಾಟ್ ಅಂದರೆ ಕೋನ 30 ಡಿಗ್ರಿ, ಅರ್ಧ ತೆಗೆದುಕೊಳ್ಳಿ, 6 ನಾಟ್. 45 ಆದರೆ ಹತ್ತರಲ್ಲಿ ಏಳು ಭಾಗ, 60 ದಾಟಿದರೆ ಹೆಚ್ಚುಕಮ್ಮಿ ಪೂರ್ತಿ. ಫೈನಲ್‌ನಲ್ಲಿ, ಅಂದರೆ ಇಳಿಯಲು ರನ್‌ವೇಗೆ ನೇರವಾಗಿ ಬರುವಾಗ, ಫೋನ್ ಯಾರು ತೆಗೆಯುತ್ತಾರೆ?

ನಾಲ್ಕನೆಯದು ಜಿಪಿಎಸ್ ದಾರಿ ಉಳಿಸುವ ಆ್ಯಪ್. ಇನ್‌ಸ್ಟ್ರಕ್ಟರ್ ಒಪ್ಪಿಗೆ ಪಡೆದು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಬ್ಯಾಗಿನಲ್ಲಿ ಇಡುತ್ತೇನೆ. ಆ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ. ಸರ್ಕ್ಯೂಟ್ (ಹಾರಿ ಒಂದು ಸುತ್ತು ಹಾಕಿ ಅದೇ ರನ್‌ವೇಗೆ ಇಳಿಯುವುದು) ಮುಗಿಸಿ ಬಂದು ನೋಡಿದರೆ ನನ್ನ ತಪ್ಪು ಗೆರೆಯಾಗಿ ಕಾಣುತ್ತಿತ್ತು: ಬೇಸ್‌ನಿಂದ (ಫೈನಲ್‌ಗೆ ಮುಂಚಿನ ಅಡ್ಡ ದಾರಿ) ಫೈನಲ್‌ಗೆ ತಿರುಗುವಾಗ ಪ್ರತಿ ಸಲ ರನ್‌ವೇ ಗೆರೆ ದಾಟಿ ಆಚೆ ಹೋಗಿದ್ದೆ. ಸರ್ ನಾಲ್ಕು ದಿನದಿಂದ ಅದನ್ನೇ ಹೇಳುತ್ತಿದ್ದರು. ಗಾಳಿ ಹಿಂದಿನಿಂದ ತಳ್ಳುವ ದಿನ ಬೇಗ ತಿರುಗಬೇಕು ಅಂತ ಆ ನಕ್ಷೆ ನೋಡಿದಾಗಲೇ ನನಗೆ ಅರ್ಥವಾಗಿದ್ದು.

ಐದನೆಯದಕ್ಕೆ ದುಡ್ಡೂ ಬೇಡ, ಡೌನ್‌ಲೋಡೂ ಬೇಡ. ಫೋನಿನಲ್ಲೇ ಇರುವ ವಾಯ್ಸ್ ರೆಕಾರ್ಡರ್. ನನಗೆ ರೇಡಿಯೋದಲ್ಲಿ ಮಾತಾಡುವುದೇ ದೊಡ್ಡ ಭಯವಾಗಿತ್ತು. ಇಂಗ್ಲಿಷ್ ಬರುತ್ತದೆ, ಆದರೆ ಆ ವೇಗಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ರಜೆಗೆ ಊರಿಗೆ ಹೋದಾಗ ಟವರ್ ಹೇಳುವ ಸಾಲುಗಳನ್ನು ಕಾಗದದಲ್ಲಿ ಬರೆದು ತಂಗಿಗೆ ಕೊಟ್ಟೆ. ಅವಳು ಅಡುಗೆಮನೆಯಿಂದ ಟವರ್ ಆದಳು. ನಾನು ಹಾಲ್‌ನಲ್ಲಿ ಕುರ್ಚಿ ಹಾಕಿ, ಗೋಡೆಗೆ ಕಾಕ್‌ಪಿಟ್ ಚಿತ್ರ ಅಂಟಿಸಿ ಕೂತೆ. ಎಲ್ಲವನ್ನೂ ರೆಕಾರ್ಡ್ ಮಾಡಿ ರಾತ್ರಿ ಕೇಳಿದೆ. ಎಲ್ಲಿ ತಡವರಿಸುತ್ತೇನೆ, ಯಾವ ರೀಡ್‌ಬ್ಯಾಕ್ (ಟವರ್ ಹೇಳಿದ್ದನ್ನು ತಿರುಗಿ ಹೇಳುವುದು) ಬಿಡುತ್ತೇನೆ, ಎಲ್ಲ ಕೇಳಿಸಿತು. ಈಗಲೂ ಭಾನುವಾರ ಫೋನ್‌ನಲ್ಲಿ ಅಭ್ಯಾಸ ಮಾಡುತ್ತೇವೆ. ಕ್ಯೂಎನ್‌ಎಚ್ (ಎತ್ತರಮಾಪಕಕ್ಕೆ ಹಾಕುವ ಗಾಳಿಯ ಒತ್ತಡದ ಅಂಕಿ) ತಿರುಗಿ ಹೇಳಲು ಮರೆತರೆ ಅವಳೇ ನಿಲ್ಲಿಸುತ್ತಾಳೆ: "ಅಕ್ಕಾ, ನಂಬರ್ ಹೇಳಲೇ ಇಲ್ಲ ನೀನು."