ಸ್ಮೋಕಿಂಗ್: ಬೋರ್ಡಿಗೆ ಯಾವ ಪದ, ಬಾಯಿಮಾತಿಗೆ ಯಾವುದು

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಕಡೆಯ ಆರೋಗ್ಯ ಶಿಬಿರದ ಫಾರಮ್ಮಿನಲ್ಲಿ ‘ಧೂಮಪಾನ ಮಾಡುತ್ತೀರಾ? ಹೌದು/ಇಲ್ಲ’ ಎಂಬ ಒಂದೇ ಸಾಲು ಇದ್ದರೆ ಆ ಫಾರಂ ಅರ್ಧ ವ್ಯರ್ಥ. ಅಂಗೈಯಲ್ಲಿ ಸುಣ್ಣ ಹಚ್ಚಿ ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಳ್ಳುವವನೂ ಬೆಳಿಗ್ಗೆ ಹಲ್ಲಿಗೆ ಮಿಶ್ರಿ ಹಚ್ಚುವ ಮುದುಕಿಯೂ ಅದಕ್ಕೆ ‘ಇಲ್ಲ’ ಎನ್ನುತ್ತಾರೆ, ಮತ್ತು ಅದು ನಿಜವೇ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಹೊಗೆಯಿಲ್ಲದೆ ತಂಬಾಕು ಬಳಸುವವರು ಶೇ 16.3. ‘ಸ್ಮೋಕಿಂಗ್’ ಎಂಬ ಇಂಗ್ಲಿಷ್ ಕಾಲಮ್ಮನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ದೊಡ್ಡ ಗುಂಪೇ ಲೆಕ್ಕದಿಂದ ತಪ್ಪುತ್ತದೆ.

ಹಾಗಾಗಿ ಪ್ರಶ್ನೆಯನ್ನು ಒಡೆದು ಕೇಳಬೇಕು. ಮೊದಲು: ‘ಬೀಡಿ, ಸಿಗರೇಟು, ಚುಟ್ಟಾ ಸೇದುತ್ತೀರಾ?’ ಎರಡನೆಯದು: ‘ತಂಬಾಕು, ಜರ್ದಾ, ಗುಟ್ಕಾ ಬಾಯಿಗೆ ಹಾಕಿಕೊಳ್ಳುತ್ತೀರಾ?’ ಮೂರನೆಯದನ್ನು ಹೆಣ್ಣುಮಕ್ಕಳಿಗೆ ಮರೆಯದೆ ಕೇಳಿ: ‘ಹಲ್ಲಿಗೆ ಮಿಶ್ರಿ ಹಚ್ಚುತ್ತೀರಾ?’ ಮಿಶ್ರಿ ಎಂದರೆ ಹುರಿದು ಪುಡಿ ಮಾಡಿದ ತಂಬಾಕು. ಬಳಸುವವರು ಅದನ್ನು ಹಲ್ಲುಪುಡಿಯ ಲೆಕ್ಕಕ್ಕೆ ಹಿಡಿಯುವುದರಿಂದ ‘ತಂಬಾಕು’ ಎಂದು ಕೇಳಿದರೂ ಬಾಯಿ ಬಿಡುವುದಿಲ್ಲ. ಗುಟ್ಕಾ 2013ರಿಂದ ರಾಜ್ಯದಲ್ಲಿ ನಿಷೇಧವಾಗಿದೆ ಎಂದು ಆ ಹೆಸರನ್ನು ಪಟ್ಟಿಯಿಂದ ತೆಗೆಯಬೇಡಿ. ಹೆಸರು ಮಾತಿನಲ್ಲಿ ಇನ್ನೂ ಇದೆ.

‘ಎಷ್ಟು?’ ಎಂಬಲ್ಲಿ ಇನ್ನೊಂದು ತೊಡಕು. ಬೀಡಿಗೆ ಉತ್ತರ ಬರುವುದು ಕಟ್ಟಿನಲ್ಲಿ: ‘ದಿನಕ್ಕ ಒಂದ್ ಕಟ್ಟ್ ರೀ.’ ಕಟ್ಟಿನಲ್ಲಿ ಎಷ್ಟು ಬೀಡಿ ಎಂಬುದು ಮಾರ್ಕಿನಿಂದ ಮಾರ್ಕಿಗೆ ಬೇರೆ, ಆದ್ದರಿಂದ ಅದನ್ನೂ ಕೇಳಿ ಬಿಡಿ ಸಂಖ್ಯೆ ಬರೆದುಕೊಳ್ಳಿ. ವೈದ್ಯರು ಬಳಸುವ ‘ಪ್ಯಾಕ್-ವರ್ಷ’ದ ಲೆಕ್ಕ ಸಿಗರೇಟಿನದು: ದಿನದ ಸಿಗರೇಟನ್ನು 20ರಿಂದ ಭಾಗಿಸಿ, ಸೇದಿದ ವರ್ಷಗಳಿಂದ ಗುಣಿಸುವುದು. ದಿನಕ್ಕೆ 10ರಂತೆ 30 ವರ್ಷವಾದರೆ 15 ಪ್ಯಾಕ್-ವರ್ಷ. ಬೀಡಿಯನ್ನು ಈ ಸೂತ್ರಕ್ಕೆ ಕಣ್ಣುಮುಚ್ಚಿ ತುರುಕದೆ ಬೇರೆ ಕಾಲಮ್ಮಿನಲ್ಲಿ ಬರೆದರೆ ವೈದ್ಯರು ನೋಡಿಕೊಳ್ಳುತ್ತಾರೆ.

ಕ್ರಿಯಾಪದದ ವಿಷಯದಲ್ಲಿ ಕನ್ನಡ ಬಹಳ ಖಚಿತ. ಹೊಗೆ ಒಳಗೆ ಹೋಗುವುದಕ್ಕೆಲ್ಲ ‘ಸೇದು’, ಬಾವಿಯಿಂದ ನೀರು ಸೇದುವ ಅದೇ ಧಾತು. ನಶ್ಯವನ್ನು ಏರಿಸುತ್ತಾರೆ, ಜರ್ದಾ ಹಾಕಿಕೊಳ್ಳುತ್ತಾರೆ, ಮಿಶ್ರಿ ಹಚ್ಚುತ್ತಾರೆ. ಬೆಳಗಾವಿ ಕಡೆ ‘ಬೀಡಿ ಜಗ್ಗತಾನ’ ಎಂಬುದೂ ಉಂಟು. ಮರಾಠಿಯ ‘ಓಢಣೆ’ಯೂ ಎಳೆಯುವುದೇ. ಹಿಂದಿಯ ‘ಪೀನಾ’ ನೋಡಿ ‘ಸಿಗರೇಟು ಕುಡಿಯುವುದು’ ಎಂದು ಬರೆದ ಕರಪತ್ರ ಯಾವ ಊರಿನ ಕಿವಿಗೂ ಹಿಡಿಸುವುದಿಲ್ಲ. ಬರೀ ‘ಚಿಲುಮಿ ಸೇದತಾನ’ ಎಂದರೆ ಕೇಳಿದವರು ಗಾಂಜಾ ಎಂದೇ ತಿಳಿದಾರು. ತಂಬಾಕಿನ ಮಾತಾದರೆ ತಂಬಾಕು ಎಂದು ಸೇರಿಸಿ. ‘ಬಿಡು’ ಕೂಡ ಎಡವಿಸುತ್ತದೆ. ‘ಬೀಡಿ ಬಿಟ್ಟ’ ಎಂದರೆ ಚಟ ನಿಲ್ಲಿಸಿದ, ‘ಹೊಗೆ ಬಿಟ್ಟ’ ಎಂದರೆ ಬಾಯಿಂದ ಉಗುಳಿದ. ‘ಹೊಗೆ ಬಿಡಿ, ಬದುಕಿ’ ಎಂಬ ಘೋಷಣೆ ಬರೆದವರು ಇದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲಿ.

ಹಾಗಾದರೆ ‘ಧೂಮಪಾನ’ ಎಲ್ಲಿಗೆ? ಬೋರ್ಡಿಗೆ, ಕಾನೂನಿಗೆ, ವರದಿಗೆ. 2003ರ ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ಕಾಯ್ದೆ, ಜನ ‘ಕೋಟ್ಪಾ’ ಎನ್ನುವುದು, ಸಿಗರೇಟು, ಸಿಗಾರ್, ಬೀಡಿ, ಪೈಪು ಅಥವಾ ಬೇರೆ ಯಾವುದೇ ಸಾಧನದಿಂದ ತಂಬಾಕನ್ನು ಸೇದುವುದೆಲ್ಲವನ್ನೂ ಒಂದೇ ಪದದಡಿ ತರುತ್ತದೆ. ಅಷ್ಟನ್ನೂ ಒಟ್ಟಿಗೆ ಹಿಡಿಯಲು ಕನ್ನಡದಲ್ಲಿ ಧೂಮಪಾನಕ್ಕಿಂತ ಒಳ್ಳೆಯ ಪದ ಸದ್ಯಕ್ಕಿಲ್ಲ.

ಬೋರ್ಡಿನ ಅಳತೆ 2008ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮಗಳಲ್ಲಿದೆ. ಬಿಳಿ ಹಿನ್ನೆಲೆ, ಕನಿಷ್ಠ 60 ಸೆಂ.ಮೀ. × 30 ಸೆಂ.ಮೀ. ಅದರಲ್ಲಿ ಕನಿಷ್ಠ 15 ಸೆಂ.ಮೀ. ಹೊರವ್ಯಾಸದ ವೃತ್ತ, ಕನಿಷ್ಠ 3 ಸೆಂ.ಮೀ. ಅಗಲದ ಕೆಂಪು ಅಂಚು, ಹೊಗೆಯಾಡುವ ಸಿಗರೇಟು ಅಥವಾ ಬೀಡಿಯ ಚಿತ್ರ, ಅದರ ಮೇಲೆ ಅಂಚಿನಷ್ಟೇ ಅಗಲದ ಅಡ್ಡಪಟ್ಟಿ. ಪೇಂಟರುಗಳು ಎಡವುವುದು ಇಲ್ಲೇ: ಅಂಚು ಕಳೆದರೆ ಒಳಗೆ ಉಳಿಯುವುದು 9 ಸೆಂ.ಮೀ., ಅದರ ಮೇಲೆ 3 ಸೆಂ.ಮೀ. ಪಟ್ಟಿ ಬಂದಾಗ ಬೀಡಿಯೇ ಕಾಣುವುದಿಲ್ಲ. ಬೀಡಿಯನ್ನು ನೇರ ಅಡ್ಡಕ್ಕೆ, ಪಟ್ಟಿಯನ್ನು ಓರೆಗೆ ಬರೆಯಿರಿ. ಎರಡನ್ನೂ ಓರೆಗೆ ಬರೆದರೆ ಒಂದರಡಿ ಒಂದು ಮುಚ್ಚಿಹೋಗುತ್ತದೆ. ವೃತ್ತ ಎಡಕ್ಕೆ, ಅಕ್ಷರ ಬಲಕ್ಕೆ ಇಟ್ಟರೆ ಜಾಗ ಸಾಲುತ್ತದೆ. ವೃತ್ತದ ಕೆಳಗೆ ಅಕ್ಷರ ತುಂಬಿದರೆ ‘ಪ್ರದೇಶ’ದ ಒತ್ತಕ್ಷರ ಬೋರ್ಡಿನ ಅಂಚಿಗೆ ಸಿಕ್ಕಿ ಅರ್ಧವಾಗುತ್ತದೆ.

ಒಕ್ಕಣೆ ಇದು: ‘ಧೂಮಪಾನ ನಿಷೇಧಿತ ಪ್ರದೇಶ. ಇಲ್ಲಿ ಧೂಮಪಾನ ಮಾಡುವುದು ಅಪರಾಧ.’ ‘ಧೂ’, ‘ಧಿ’ ಎರಡೂ ಮಹಾಪ್ರಾಣ. ‘ದೂಮಪಾನ ನಿಷೇದ’ ಎಂದು ಹೊಟ್ಟೆ ಸೀಳದೆ ಬಿಟ್ಟ ಬೋರ್ಡುಗಳು ಬಸ್‌ಸ್ಟ್ಯಾಂಡುಗಳಲ್ಲಿ ಬೇಕಾದಷ್ಟಿವೆ. ಬೆಳಗಾವಿಯಲ್ಲಿ ಮಾತ್ರ ವಿಶೇಷವಾಗಿ ನೋಡಿಕೊಳ್ಳಬೇಕಾದ ತಪ್ಪು ‘ಧೂಮ್ರಪಾನ’. ಮರಾಠಿ, ಹಿಂದಿಯಲ್ಲಿ ಹಾಗೆ ಬರೆಯುತ್ತಾರೆ, ಎರಡೂ ಭಾಷೆಯ ಬೋರ್ಡು ಬರೆಯುವ ಕೈಗೆ ಅದೇ ಬರುತ್ತದೆ. ಸಂಸ್ಕೃತದಲ್ಲಿ ಧೂಮ ಎಂದರೆ ಹೊಗೆ, ಧೂಮ್ರ ಎಂದರೆ ಹೊಗೆಬಣ್ಣದ್ದು. ಕನ್ನಡದಲ್ಲಿ ರ-ಒತ್ತು ಬೇಡ. ದೂರು ಸ್ವೀಕರಿಸುವವರ ಹೆಸರನ್ನೂ ಪ್ರಕಟಿಸಬೇಕೆಂದು ನಿಯಮ ಹೇಳುತ್ತದೆ; ಆ ಸಾಲನ್ನು ಖಾಲಿ ಬಿಡುವುದೇ ಹೆಚ್ಚು. ದಂಡದ ಮೊತ್ತ ಬರೆಯುವುದಾದರೆ ಹಳೆಯ 200 ರೂ. ಬೇಡ: ಕರ್ನಾಟಕದ 2024ರ ತಿದ್ದುಪಡಿ ಕಾಯ್ದೆ, 2025ರ ಮೇನಲ್ಲಿ ಜಾರಿಗೆ ಬಂದದ್ದು, ಅದನ್ನು 1,000 ರೂಪಾಯಿಗೆ ಏರಿಸಿದೆ. ಮಾರಾಟಕ್ಕೆ ವಯಸ್ಸಿನ ಮಿತಿಯೂ 18ರಿಂದ 21 ಆಗಿದೆ, ಅಂಗಡಿ ಮುಂದಿನ ಬೋರ್ಡು ಬರೆಯುವವರಿಗೆ ಇದು ಬೇಕು.

ಪದದ ಮೂಲ ಹೇಳಬೇಕಾದ ಸಂದರ್ಭವೂ ಬರುತ್ತದೆ, ಶಾಲೆಯ ಭಾಷಣಕ್ಕೋ ಲೇಖನಕ್ಕೋ. ‘ಧೂಮಪಾನ’ ತಂಬಾಕಿಗಿಂತ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ 5ನೇ ಅಧ್ಯಾಯದಲ್ಲಿ ಅದು ಔಷಧಿಯ ಬತ್ತಿಯ ಹೊಗೆ ಸೇದುವ ಚಿಕಿತ್ಸೆ. ಬತ್ತಿ 8 ಅಂಗುಲ, ನಳಿಗೆ ಚಿಕಿತ್ಸೆಗೆ ತಕ್ಕಂತೆ 24, 32 ಅಥವಾ 36 ಅಂಗುಲ. ಇದನ್ನು ಹಿಡಿದು ‘ನಮ್ಮ ಹಿರಿಯರೂ ತಂಬಾಕು ಸೇದುತ್ತಿದ್ದರು’ ಎಂದು ಬರೆಯುವವರಿದ್ದಾರೆ. ತಂಬಾಕು ಅಮೆರಿಕದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ‘ತಂಬಾಕು’ ಎಂಬ ಪದವೂ ಅವರ ‘ತಬಾಕೊ’ ಜೊತೆಗೇ ಬಂದದ್ದು.

ಅದರ ದಾರಿಯಲ್ಲಿ ವಿಜಾಪುರ ದೊಡ್ಡ ನಿಲ್ದಾಣ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗ್ ಇಲ್ಲಿ ತಂಬಾಕನ್ನು ಕಂಡ. ಅಂಥದ್ದನ್ನು ಹಿಂದೂಸ್ತಾನದಲ್ಲಿ ನೋಡಿರಲಿಲ್ಲ ಎಂದು ಅವನೇ ಬರೆದಿದ್ದಾನೆ. 1604ರ ಸುಮಾರಿಗೆ ಹಿಂದಿರುಗುವಾಗ ತಂಬಾಕಿನ ಜೊತೆ ರತ್ನಖಚಿತ ನಳಿಗೆಯನ್ನೂ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ, ಹಕೀಮರು ತಡೆದರು. 1617ರಲ್ಲಿ ಜಹಾಂಗೀರ್ ತಂಬಾಕನ್ನೇ ನಿಷೇಧಿಸಿದ. ಹಿಂದಿಯ ‘ಪೀನಾ’ದಂತೆ ಅದೇ ಕಾಲದ ಇಂಗ್ಲೆಂಡಿನಲ್ಲೂ ತಂಬಾಕನ್ನು ‘ಕುಡಿಯುವುದು’ ಎನ್ನುವ ರೂಢಿಯಿತ್ತು. ಹೊಗೆ ಎಂಬರ್ಥದ ಹಳೆಯ ‘ಸ್ಮೋಕ್’ ತಂಬಾಕಿಗೆ ಅಂಟಿದ್ದು 17ನೇ ಶತಮಾನದ ಆರಂಭದಲ್ಲಿ.

ನಮ್ಮ ‘ಹೊಗೆ’ಯ ಹಳಗನ್ನಡ ರೂಪ ‘ಪೊಗೆ’. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ‘ಪೆಱನಲ್ಲ’ದ ಪೆಱ ಮುಂದೆ ಹೆರ ಆದ ಹಾಗೆಯೇ ಇದೂ ಪಕಾರ ಕಳೆದುಕೊಂಡಿತು. ತಮಿಳಿನ ‘ಪುಗೈ’, ತೆಲುಗಿನ ‘ಪೊಗ’ ಇನ್ನೂ ಉಳಿಸಿಕೊಂಡಿವೆ. ‘ಹೊಗೆಸೊಪ್ಪು’ ಇದರಿಂದಲೇ ಕಟ್ಟಿದ ಪದ. ‘ಬೀಡಿ’ ಮಾತ್ರ ಸಂಸ್ಕೃತದ ‘ವೀಟಿಕಾ’ದಿಂದ ಬಂದ ಎಲೆಸುರುಳಿ, ಪಾನ್ ಅಂಗಡಿಯ ‘ಬೀಡಾ’ಕ್ಕೆ ಒಡಹುಟ್ಟು.

ತಂಬಾಕಿಲ್ಲದ ಸ್ಮೋಕಿಂಗ್‌ಗಳು ಸುಲಭ, ಧೂಮಪಾನವನ್ನು ಹತ್ತಿರ ತರದಿದ್ದರೆ ಸಾಕು. ಕೊಟ್ಟಿಗೆಗೆ, ಬಾಳೆಗೊನೆಗೆ ‘ಹೊಗೆ ಹಾಕು’. ಕೂಸಿಗೆ ‘ಲೋಬಾನ ಹಾಕು’. ಸಕ್ಕರೆ ಕಾರ್ಖಾನೆಯದು ‘ಹೊಗೆ ಉಗುಳುವ ಚಿಮಣಿ’. ಪಕ್ಷದೊಳಗಿನ ಸಿಟ್ಟು ‘ಹೊಗೆಯಾಡುತ್ತದೆ’. ಆದರೆ ‘ಹೊಗೆ ಹಾಕಿಸಿಕೊಂಡ’ ಎಂದರೆ ಆಡುಮಾತಿನಲ್ಲಿ ಸತ್ತ ಎಂದರ್ಥ, ವರದಿಯಲ್ಲಿ ಬರೆದೀರಿ ಜೋಕೆ. ‘ಸ್ಮೋಕಿಂಗ್ ಗನ್’ಗೆ ‘ಹೊಗೆಯಾಡುವ ಬಂದೂಕು’ ಬೇಡ, ‘ಅಲ್ಲಗಳೆಯಲಾಗದ ಸಾಕ್ಷ್ಯ’ ಸಾಕು. ಫ್ರೆಂಚ್, ಜರ್ಮನ್ ಬರಹದಲ್ಲಿ ‘ಸ್ಮೋಕಿಂಗ್’ ಕಂಡರೆ ಅದು ಸಂಜೆಯ ಔತಣಕ್ಕೆ ತೊಡುವ ಕರಿ ಕೋಟು.

ಕೊನೆಗೆ ಕರಪತ್ರಗಳಲ್ಲಿ ಹೆಚ್ಚು ಹಾನಿ ಮಾಡುತ್ತಿರುವ ಪದ: ‘ಹೊಗೆರಹಿತ ತಂಬಾಕು’. ಹೊಗೆರಹಿತ ಒಲೆ ಒಳ್ಳೆಯದು ಎಂದು ವರ್ಷಗಟ್ಟಲೆ ಕೇಳಿದ ಕಿವಿಗೆ ಇದೂ ಒಳ್ಳೆಯದೆಂದೇ ಕೇಳಿಸುತ್ತದೆ. ‘ಜಗಿಯುವ, ಹಚ್ಚುವ, ಮೂಸುವ ತಂಬಾಕು’ ಎಂದು ಬಿಡಿಸಿ ಬರೆಯಿರಿ, ಒಂದು ಸಾಲು ಹೆಚ್ಚಾದರೂ ಚಿಂತೆಯಿಲ್ಲ. ಹಾಗೆಯೇ ಗ್ರಾಮ ಪಂಚಾಯಿತಿಯ ಠರಾವಿನಲ್ಲಿ ‘ಧೂಮಪಾನಮುಕ್ತ ಗ್ರಾಮ’ ಎಂದು ಬರೆದರೆ ಜರ್ದಾ ಉಗುಳುವವನು ಅದರ ಹೊರಗೆ ಉಳಿಯುತ್ತಾನೆ; ಅವನನ್ನೂ ಸೇರಿಸುವ ಉದ್ದೇಶವಿದ್ದರೆ ‘ತಂಬಾಕುಮುಕ್ತ’ ಎಂದೇ ಬರೆಯಬೇಕು.