ವರ್ಡ್‌ನಲ್ಲಿ ನೀವೇ ಜೋಡಿಸಿದ ಬಟನ್‌ಗಳು ಕಾಣ್ತಿಲ್ವಾ? ಹೀಗೆ ಹುಡುಕಿ

ಯೂನಿಕೋಡ್‌ನಲ್ಲಿ ‘ರಾಜ್‌ಕುಮಾರ್’ ಎಂದು ಬರೆಯಬೇಕಾದರೆ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಹಾಕದಿದ್ದರೆ ‘ರಾಜ್ಕುಮಾರ್’ ಆಗಿ, ಕಕಾರ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಪುಸ್ತಕಗಳ ಕರಡು ತಿದ್ದುವ ನನಗೆ ಇದು ದಿನವಿಡೀ ಬೇಕು. ಅದಕ್ಕೇ ವರ್ಡ್‌ನಲ್ಲಿ ಒಂದು ಬಟನ್ ಮಾಡಿಕೊಂಡಿದ್ದೆ. ಅದರ ಪಕ್ಕ ಅಡಿಟಿಪ್ಪಣಿಯದ್ದು, ಜಾಸ್ತಿ ಬಿದ್ದ ಸ್ಪೇಸ್ ತೆಗೆಯುವ ಮ್ಯಾಕ್ರೊದ್ದು (ಹಲವು ಹೆಜ್ಜೆಗಳ ಕೆಲಸವನ್ನು ಒಂದೇ ಸಲಕ್ಕೆ ಮಾಡಿಸುವ ಪುಟ್ಟ ಪ್ರೋಗ್ರಾಂ), ಹೀಗೆ ಒಟ್ಟು ಹದಿನಾಲ್ಕು ಬಟನ್.

ಒಂದು ಬೆಳಿಗ್ಗೆ ವರ್ಡ್ ತೆರೆದರೆ ಒಂದೂ ಇಲ್ಲ. ಪರಿಚಯದ ರಿಪೇರಿಯವರು ಬಂದು ಆಫೀಸ್ ಸಾಫ್ಟ್‌ವೇರನ್ನು ಪೂರ್ತಿ ತೆಗೆದು ಮತ್ತೆ ಹಾಕಿದರು. ಅರ್ಧ ದಿನ ಹೋಯಿತು, ಬಟನ್ ಬರಲಿಲ್ಲ. ಸಂಜೆ ಗೊತ್ತಾಯಿತು, ಆ ಪಟ್ಟಿ ಬರೀ ಮರೆಯಾಗಿತ್ತು. ಒಂದು ರೈಟ್ ಕ್ಲಿಕ್‌ನಲ್ಲಿ ಮುಗಿಯುವ ಕೆಲಸ. ಹಾಗಾಗಿ ದಯವಿಟ್ಟು ಮೊದಲೇ ಅನ್‌ಇನ್‌ಸ್ಟಾಲ್ ಮಾಡಲು ಹೋಗಬೇಡಿ. ನೀವು ಜೋಡಿಸಿದ ಬಟನ್‌ಗಳು ಸಾಫ್ಟ್‌ವೇರ್ ಒಳಗೆ ಇರುವುದಿಲ್ಲ, ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ಬೇರೆಯೇ ಫೈಲಿನಲ್ಲಿ ಇರುತ್ತವೆ. ಹೆಚ್ಚಿನ ಸಲ ಅಲ್ಲೇ ಇರುತ್ತವೆ.

ಮೊದಲು, ಮರೆಯಾಗಿದೆಯಾ ನೋಡಿ

ಮೇಲೆ ಟ್ಯಾಬ್, ಬಟನ್‌ಗಳಿರುವ ಅಗಲ ಪಟ್ಟಿ, ಅಂದರೆ ರಿಬ್ಬನ್ನೇ ಕಾಣದಿದ್ದರೆ ಕಂಟ್ರೋಲ್ ಮತ್ತು ಎಫ್1 ಒಟ್ಟಿಗೆ ಒತ್ತಿ. ಟ್ಯಾಬ್ ಹೆಸರಿನ ಮೇಲೆ ಕೈತಪ್ಪಿ ಡಬಲ್ ಕ್ಲಿಕ್ ಆದರೂ ರಿಬ್ಬನ್ ಮಡಚಿಕೊಳ್ಳುತ್ತದೆ.

ರಿಬ್ಬನ್ ಇದೆ, ಚಿಕ್ಕ ಬಟನ್‌ಗಳ ಕ್ವಿಕ್ ಆಕ್ಸೆಸ್ ಟೂಲ್‌ಬಾರ್ ಮಾತ್ರ ಇಲ್ಲ ಅಂತಾದರೆ, ರಿಬ್ಬನ್ನಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ. ಈಗಿನ ಮೈಕ್ರೋಸಾಫ್ಟ್ 365ರಲ್ಲಿ ‘ಶೋ ಕ್ವಿಕ್ ಆಕ್ಸೆಸ್ ಟೂಲ್‌ಬಾರ್’ ಎಂಬ ಆಯ್ಕೆ ಸಿಗುತ್ತದೆ. ನನ್ನ ಹದಿನಾಲ್ಕೂ ಬಟನ್ ವಾಪಸ್ ಬಂದದ್ದು ಇಲ್ಲಿಂದಲೇ.

ನೀವು ಮಾಡಿಕೊಂಡಿದ್ದು ಬೇರೆ ಟ್ಯಾಬ್ ಆಗಿದ್ದರೆ ಫೈಲ್, ಆಪ್ಷನ್ಸ್, ಕಸ್ಟಮೈಸ್ ರಿಬ್ಬನ್‌ಗೆ ಹೋಗಿ. ಬಲಗಡೆಯ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಟಿಕ್ ಇದೆಯಾ ನೋಡಿ. 2003ರ ವರ್ಡ್‌ನಲ್ಲಿ ಮಾಡಿದ ಹಳೆಯ ಟೂಲ್‌ಬಾರ್ ಹುಡುಕುತ್ತಿದ್ದೀರಾ? 2007ರಲ್ಲಿ ರಿಬ್ಬನ್ ಬಂದ ಮೇಲೆ ಅಂಥವೆಲ್ಲ ‘ಆ್ಯಡ್-ಇನ್ಸ್’ ಟ್ಯಾಬಿನೊಳಗೆ ಸೇರಿಕೊಂಡಿವೆ.

ಒಂದು ಫೈಲಿನಲ್ಲಿ ಕಾಣುತ್ತೆ, ಇನ್ನೊಂದರಲ್ಲಿ ಇಲ್ಲ

ಇದು ಹಲವರನ್ನು ಕಾಡುವ ತೊಂದರೆ. ಆಪ್ಷನ್ಸ್‌ನಲ್ಲಿ ಕ್ವಿಕ್ ಆಕ್ಸೆಸ್ ಟೂಲ್‌ಬಾರ್ ಪುಟ ತೆರೆದರೆ ಬಲಗಡೆ ಮೇಲೆ ಚಿಕ್ಕ ಪಟ್ಟಿಯೊಂದಿದೆ. ಅದರಲ್ಲಿ ‘ಫಾರ್ ಆಲ್ ಡಾಕ್ಯುಮೆಂಟ್ಸ್’ ಬದಲು ಆಗ ತೆರೆದಿದ್ದ ಕಡತದ ಹೆಸರು ಆಯ್ಕೆಯಾಗಿದ್ದರೆ ಬಟನ್‌ಗಳು ಆ ಕಡತಕ್ಕೆ ಮಾತ್ರ ಅಂಟಿಕೊಳ್ಳುತ್ತವೆ. ಪಟ್ಟಿಯನ್ನು ‘ಆಲ್ ಡಾಕ್ಯುಮೆಂಟ್ಸ್’ಗೆ ಬದಲಿಸಿ ಮತ್ತೊಮ್ಮೆ ಸೇರಿಸಬೇಕು.

ವಿಂಡೋದ ಮೇಲಂಚಿನಲ್ಲಿ ‘ಸೇಫ್ ಮೋಡ್’ ಎಂದು ಬರೆದಿದೆಯಾ ಅಂತಲೂ ಕಣ್ಣಾಡಿಸಿ. ವರ್ಡ್ ಹಿಂದಿನ ಸಲ ಅರ್ಧಕ್ಕೇ ನಿಂತಿದ್ದರೆ ಮುಂದಿನ ಸಲ ಸೇಫ್ ಮೋಡ್‌ನಲ್ಲಿ ತೆರೆಯಲೇ ಎಂದು ಕೇಳುತ್ತದೆ. ಅವಸರದಲ್ಲಿ ನಾವು ‘ಯೆಸ್’ ಒತ್ತಿರುತ್ತೇವೆ, ಅಲ್ವಾ? ಆ ಮೋಡ್‌ನಲ್ಲಿ ನಿಮ್ಮ ಬದಲಾವಣೆಗಳು ಲೋಡ್ ಆಗುವುದಿಲ್ಲ. ಮುಚ್ಚಿ, ಮಾಮೂಲಿಯಾಗಿ ತೆರೆಯಿರಿ.

ಬಟನ್ ಇದೆ, ಕೆಲಸ ಮಾಡ್ತಿಲ್ಲ

ಒತ್ತಿದರೆ ಮ್ಯಾಕ್ರೊ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತದೆ. ಪಂಪ್‌ಸೆಟ್ಟಿನ ಸ್ವಿಚ್ ಮನೆಯಲ್ಲಿ, ಮೋಟರ್ ಬಾವಿಯ ಹತ್ತಿರ ಇರುತ್ತದಲ್ಲ, ಇದೂ ಹಾಗೇ. 2010ರ ವರ್ಡ್‌ನಿಂದ ಈಚೆಗೆ ಬಟನ್‌ಗಳ ಜೋಡಣೆ ‘ವರ್ಡ್.ಆಫೀಸ್‌ಯುಐ’ ಎಂಬ ಫೈಲಿನಲ್ಲಿ ಇರುತ್ತದೆ. ಅದು ಓಡಿಸುವ ಮ್ಯಾಕ್ರೊ ಸಾಮಾನ್ಯವಾಗಿ ‘ನಾರ್ಮಲ್.ಡಾಟ್‌ಎಂ’ ಎಂಬ ಟೆಂಪ್ಲೇಟಿನಲ್ಲಿ, ಅಂದರೆ ಹೊಸ ಕಡತಗಳಿಗೆ ಅಚ್ಚಾಗುವ ಫೈಲಿನಲ್ಲಿ. ಒಂದು ಉಳಿದು ಇನ್ನೊಂದು ಹೋದರೆ ಸ್ವಿಚ್ ಹಾಕಿದರೂ ನೀರು ಬರುವುದಿಲ್ಲ.

ಮ್ಯಾಕ್ರೊ ಇರುವ ಟೆಂಪ್ಲೇಟನ್ನು ಇಂಟರ್ನೆಟ್‌ನಿಂದಲೋ ಮೇಲ್‌ನಿಂದಲೋ ಇಳಿಸಿಕೊಂಡಿದ್ದರೆ ಕಾರಣ ಬೇರೆ. 2022ರಿಂದ ಇಂಥ ಫೈಲುಗಳ ಮ್ಯಾಕ್ರೊಗಳನ್ನು ಆಫೀಸ್ ತಾನಾಗಿಯೇ ತಡೆಯುತ್ತದೆ. ಕೊಟ್ಟವರ ಮೇಲೆ ಪೂರ್ತಿ ನಂಬಿಕೆ ಇದ್ದರೆ ಮಾತ್ರ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ‘ಅನ್‌ಬ್ಲಾಕ್’ ಟಿಕ್ ಮಾಡಿ. ಎಲ್ಲ ಮ್ಯಾಕ್ರೊಗಳಿಗೂ ಬಾಗಿಲು ತೆರೆದಿಡುವ ಸೆಟ್ಟಿಂಗ್ ಖಂಡಿತ ಬೇಡ, ವೈರಸ್ ಬರುವ ಹಳೆಯ ದಾರಿ ಅದು.

ಫೈಲನ್ನೇ ಹುಡುಕುವುದು

ಕಂಪ್ಯೂಟರ್ ಬದಲಾಗಿದ್ದರೆ ಅಥವಾ ವಿಂಡೋಸ್ ಹೊಸದಾಗಿ ಹಾಕಿದ್ದರೆ ಇಲ್ಲಿಗೆ ಬರಬೇಕು. ಮೊದಲು ವರ್ಡ್ ಕಿಟಕಿಗಳನ್ನೆಲ್ಲ ಮುಚ್ಚಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಬಾಕ್ಸಿನಲ್ಲಿ ಶೇಕಡಾ ಚಿಹ್ನೆ, ‘ಲೋಕಲ್‌ಆ್ಯಪ್‌ಡೇಟಾ’, ಮತ್ತೆ ಶೇಕಡಾ ಚಿಹ್ನೆ, ಇಷ್ಟನ್ನು ಜಾಗ ಬಿಡದೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಮೈಕ್ರೋಸಾಫ್ಟ್, ಅದರೊಳಗೆ ಆಫೀಸ್ ಫೋಲ್ಡರ್. ‘ವರ್ಡ್.ಆಫೀಸ್‌ಯುಐ’ ಇರುವುದು ಅಲ್ಲೇ. ಹಳೆಯ ಡಿಸ್ಕಿನಲ್ಲಿ ಇದೇ ಜಾಗದಲ್ಲಿರುವ ಫೈಲನ್ನು ತಂದು ಇಲ್ಲಿ ಹಾಕಿದರೆ ಬಟನ್‌ಗಳು ಮರಳುತ್ತವೆ. ವಿಂಡೋಸ್ ಅಪ್‌ಗ್ರೇಡ್ ಆಗಿದ್ದರೆ ಸಿ ಡ್ರೈವಿನ ‘ವಿಂಡೋಸ್.ಓಲ್ಡ್’ ಫೋಲ್ಡರ್ ಒಳಗೂ ನೋಡಿ. ಬೇಗ ನೋಡಿ, ಹತ್ತು ದಿನದ ನಂತರ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ.

ನಾರ್ಮಲ್ ಟೆಂಪ್ಲೇಟ್‌ಗೆ ಅದೇ ಬಾಕ್ಸಿನಲ್ಲಿ ಎರಡು ಶೇಕಡಾ ಚಿಹ್ನೆಗಳ ನಡುವೆ ‘ಲೋಕಲ್’ ಬಿಟ್ಟು ಬರೀ ‘ಆ್ಯಪ್‌ಡೇಟಾ’ ಎಂದು ಟೈಪ್ ಮಾಡಿ. ಮೈಕ್ರೋಸಾಫ್ಟ್ ಒಳಗೆ ಟೆಂಪ್ಲೇಟ್ಸ್ ಫೋಲ್ಡರ್ ಇದೆ. ಈ ಫೈಲ್ ಕೆಟ್ಟಿದೆ ಅನಿಸಿದರೆ ಡಿಲೀಟ್ ಮಾಡುವಂತೆ ಹಲವರು ಸಲಹೆ ಕೊಡುತ್ತಾರೆ. ನಾನು ಬೇಡ ಅಂತೀನಿ. ನಿಮ್ಮ ಮ್ಯಾಕ್ರೊಗಳು, ಕೀಬೋರ್ಡ್ ಶಾರ್ಟ್‌ಕಟ್‌ಗಳು ಅದರೊಳಗೇ ಇರುತ್ತವೆ. ಹೆಸರು ಬದಲಿಸಿ, ‘ಹಳೆಯ ನಾರ್ಮಲ್’ ಎಂದಿಡಿ. ವರ್ಡ್ ತೆರೆದು ಮುಚ್ಚಿದಾಗ ಹೊಸದೊಂದು ಹುಟ್ಟಿಕೊಳ್ಳುತ್ತದೆ. ಆಮೇಲೆ ಆಲ್ಟ್ ಮತ್ತು ಎಫ್8 ಒತ್ತಿ, ‘ಆರ್ಗನೈಸರ್’ ಮೂಲಕ ಹಳೆಯದರಿಂದ ಮ್ಯಾಕ್ರೊಗಳನ್ನು ಹೊಸದಕ್ಕೆ ಕಾಪಿ ಮಾಡಬಹುದು.

ವರ್ಡ್ ಬದಲು ಲಿಬ್ರೆಆಫೀಸ್ ರೈಟರ್ ಬಳಸುವವರು ವ್ಯೂ ಮೆನುವಿನ ‘ಟೂಲ್‌ಬಾರ್ಸ್’ ನೋಡಿ, ಜೊತೆಗೆ ‘ಯೂಸರ್ ಇಂಟರ್‌ಫೇಸ್’ ಸಹ. ಅಲ್ಲಿ ‘ಟ್ಯಾಬ್ಡ್’ ಆಯ್ಕೆಯಾಗಿದ್ದರೆ ಹಳೆಯ ಟೂಲ್‌ಬಾರ್‌ಗಳು ಮರೆಯಾಗುತ್ತವೆ. ಅದರ ಸೇಫ್ ಮೋಡ್‌ನಲ್ಲಿ ‘ಫ್ಯಾಕ್ಟರಿ ಸೆಟ್ಟಿಂಗ್ಸ್’ ಎಂಬ ಆಯ್ಕೆ ಬರುತ್ತದೆ. ಅದನ್ನು ಒತ್ತಿದರೆ ನೀವು ಮಾಡಿದ್ದೆಲ್ಲ ಅಳಿಸಿಹೋಗಬಹುದು, ಜೋಪಾನ.

ಸಿಕ್ಕಿದ ಮೇಲೆ

ಆಪ್ಷನ್ಸ್‌ನ ಕಸ್ಟಮೈಸ್ ರಿಬ್ಬನ್ ಪುಟದ ಕೆಳಗೆ ‘ಇಂಪೋರ್ಟ್/ಎಕ್ಸ್‌ಪೋರ್ಟ್’ ಇದೆ. ಎಕ್ಸ್‌ಪೋರ್ಟ್ ಮಾಡಿ ಬರುವ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಮ್ಯಾಕ್ರೊ ಇದರಲ್ಲಿ ಬರುವುದಿಲ್ಲ, ನಾರ್ಮಲ್ ಟೆಂಪ್ಲೇಟನ್ನೂ ಪಕ್ಕದಲ್ಲೇ ಕಾಪಿ ಮಾಡಿಡಿ. ಇಂಪೋರ್ಟ್ ಮಾಡುವಾಗ ಮಾತ್ರ ನೆನಪಿರಲಿ, ಆ ಕಂಪ್ಯೂಟರಿನಲ್ಲಿ ಆಗಲೇ ಇರುವ ಜೋಡಣೆ ಹೋಗಿ ನಿಮ್ಮದು ಕೂರುತ್ತದೆ. ಬೇರೆಯವರ ಯಂತ್ರವಾದರೆ ಮೊದಲು ಅವರದ್ದನ್ನು ಎಕ್ಸ್‌ಪೋರ್ಟ್ ಮಾಡಿ ಕೊಡಿ.

ಅಲ್ಲಿಯವರೆಗೂ ‘ರಾಜ್‌ಕುಮಾರ್’ ಬರೆಯಬೇಕಲ್ಲ? ‘ರಾಜ್’ ಆದ ಮೇಲೆ 200 ಎಂದು ಒತ್ತಿ, ಅದಕ್ಕೆ ಅಂಟಿದಂತೆ ಇಂಗ್ಲಿಷಿನ ‘ಸಿ’ ಅಕ್ಷರ ಟೈಪ್ ಮಾಡಿ, ಆಲ್ಟ್ ಮತ್ತು ಎಕ್ಸ್ ಒತ್ತಿ. ಆ ಅಂಕಿಗಳು ಮಾಯವಾಗಿ ಕಾಣದ ಅಕ್ಷರ ಬಂದು ಕೂರುತ್ತದೆ. ನಂತರ ‘ಕುಮಾರ್’ ಬರೆಯಿರಿ.